ಹದಿನೆಂಟು ಅಂಕದ ವರ್ಚಸ್ಸು

ವರ್ಚಸ್ಸೆಂಬುದು ಪೂರ್ವಜನ್ಮದ ಪುಣ್ಯದಿಂದ ಬರುತ್ತದೋ, ಈ ಜನ್ಮದ ಸಾಧನೆಯಿಂದ ಬರುತ್ತದೋ ಎಂಬುದು ಹಿರಿಯರು ತಲೆಮಾರುಗಳಿಂದ ಚರ್ಚಿಸಿಯೂ ಬಗೆಹರಿಸಲಾಗದ ಗಹನವಾದ ಪ್ರಶ್ನೆ. ನನಗೆ ಅದು ಮೂರು ದಾಳಗಳಿಂದ ಬಂತು. ಒಂದು ಭಾನುವಾರ ಮಧ್ಯಾಹ್ನ, ಬಾಯಲ್ಲಿ ಮೆಣಸಿನಕಾಯಿ ಬಜ್ಜಿ ಇದ್ದಾಗ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಟ್ಟೂರಿನ ಒಂದು ಖಾಸಗಿ ಟ್ಯುಟೋರಿಯಲ್‌ನಲ್ಲಿ ನಾವು ಐದು ಜನ ಪಾಠ ಹೇಳುತ್ತಿದ್ದೆವು. ಐವರೂ ಅವಿವಾಹಿತರು, ಐವರೂ ಬೇರೆ ಬೇರೆ ಊರಿನವರು. ಹೀಗಾಗಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವ ರೂಢಿ ಬಿದ್ದಿತ್ತು. ಗಣಿತ ಹೇಳುವವನು ಹರಪನಹಳ್ಳಿ. ಇಂಗ್ಲಿಷಿನವನು ಕೂಡ್ಲಿಗಿ. ಲೆಕ್ಕಶಾಸ್ತ್ರದವನು ಹಗರಿಬೊಮ್ಮನಹಳ್ಳಿ, ಅಷ್ಟುದ್ದ ಕೂಗಿ ಮುಗಿಸುವಷ್ಟರಲ್ಲಿ ಅವನು ಬೀದಿ ದಾಟಿರುತ್ತಿದ್ದನಾದ್ದರಿಂದ ಬರೀ ಬೊಮ್ಮನಹಳ್ಳಿ. ಜೀವಶಾಸ್ತ್ರದವನು ಹಡಗಲಿ. ಕನ್ನಡ ಮತ್ತು ಇತಿಹಾಸ ಹೇಳುತ್ತಿದ್ದ ನಾನು ಸ್ಥಳೀಯ. ಊರಿನಲ್ಲೇ ಇದ್ದವನನ್ನು ಊರಿನ ಹೆಸರಿನಿಂದ ಕರೆದರೆ ಊರೇ ತಿರುಗಿ ನೋಡೀತೆಂದು ನನ್ನನ್ನು ಮಾತ್ರ ‘ಮೇಷ್ಟ್ರೇ’ ಎನ್ನುತ್ತಿದ್ದರು. ಅದರಲ್ಲಿ ಗೌರವವಿದೆಯೆಂದು ನಾನು ಬಹಳ ದಿನ ನಂಬಿದ್ದೆ.

ಹರಪನಹಳ್ಳಿಯವನು ದಾವಣಗೆರೆಯಲ್ಲಿ ಓದುವಾಗ ಹಾಸ್ಟೆಲ್ಲಿನ ಗೆಳೆಯನಿಂದ ಒಂದು ಜೆರಾಕ್ಸ್ ಕಟ್ಟು ಪಡೆದು ತಂದಿದ್ದ. ಅದೊಂದು ಆಟ. ಹಾಸೂ ಇಲ್ಲ, ಕಾಯಿಯೂ ಇಲ್ಲ. ಒಬ್ಬ ಆಟ ನಡೆಸುತ್ತಾನೆ. ಇಲ್ಲಿ ಕಾಡು, ಅಲ್ಲಿ ಕೋಟೆ, ಬಾಗಿಲಲ್ಲಿ ರಾಕ್ಷಸ ಎಂದು ಬಾಯಲ್ಲೇ ಲೋಕ ಕಟ್ಟುತ್ತಾನೆ, ರಾಕ್ಷಸನ ಮಾತನ್ನೂ ತಾನೇ ಆಡುತ್ತಾನೆ. ಉಳಿದವರು ಒಂದೊಂದು ವೇಷ ತೊಟ್ಟು (ವೇಷವೂ ಬಾಯಲ್ಲೇ) ನಾನು ಹೀಗೆ ಮಾಡುತ್ತೇನೆ, ಹಾಗೆ ಹೇಳುತ್ತೇನೆ ಎನ್ನಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಅದಕ್ಕೆ ಇಪ್ಪತ್ತು ಮುಖದ ದಾಳ ಬೇಕೆಂದು ಬರೆದಿತ್ತು. ಅಂಥದ್ದು ಕೊಟ್ಟೂರಿನಿಂದ ಹೊಸಪೇಟೆಯವರೆಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಒಬ್ಬ ಅಂಗಡಿಯವನಂತೂ, “ರಾವಣಗ ಹತ್ತ ಅದಾವ್ರಿ ಮುಖ, ಇನ್ನ ಹತ್ತು ಯಾರ್ವು?” ಎಂದು ಕೇಳಿ ನಮ್ಮನ್ನು ಮೆಟ್ಟಿಲಿಳಿಸಿದ. ಕೊನೆಗೆ ಒಂದು ಚಂಬಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಹಾಕಿದೆವು. ವಿಧಿ ಚಂಬಿನಲ್ಲಿ ಕೂತಿತು.

ಪುಸ್ತಕದ ಊರುಗಳ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲವಾದ್ದರಿಂದ ಹರಪನಹಳ್ಳಿಯವನು ಅವನ್ನೆಲ್ಲ ನಮ್ಮ ಕಡೆಗೆ ಎಳೆದುಕೊಂಡ. ಕುಬ್ಜರು ಚಿಗಟೇರಿಯ ಹೊಲಗಳಲ್ಲಿ ನೆಲೆಸಿದರು. ರೆಕ್ಕೆಯ ಸರ್ಪ ಕೋಗಳಿಯ ಹಳೆಯ ಬಸದಿಯ ಹಿಂದೆ ಒಂದು ಸುರಂಗ ಮಾಡಿಕೊಂಡಿತು. ಸಮುದ್ರದ ಬಂದರು ಹಡಗಲಿ ಕಡೆಯ ಹೊಳೆದಂಡೆಯ ಮಾಗಳಕ್ಕೆ ಬಂತು. ಇದಕ್ಕೆ ಮಾತ್ರ ಹಡಗಲಿಯವನು ತಕರಾರು ತೆಗೆದ: “ನಮ್ಮ ಹೊಳಿಯಾಗ ತೆಪ್ಪ ಹೋಗ್ತಾವಪ್ಪ, ಹಡಗ ಹೋಗಂಗಿಲ್ಲ.” ಹಡಗನ್ನು ತೆಪ್ಪ ಮಾಡಿದೆವು. ಆಟ ಶುರುವಾಗುವ ಮೊದಲೇ ಅವನ ಮಾತು ನಡೆದದ್ದನ್ನು ನಾನು ಆಗಲೇ ಗಮನಿಸಬೇಕಾಗಿತ್ತು.

ಪ್ರತಿ ವೇಷಕ್ಕೂ ಕೆಲವು ಗುಣಗಳು. ಬಲ, ಚುರುಕು, ಬುದ್ಧಿ ಇತ್ಯಾದಿ. ಲೂಡೋದ ಮೂರು ದಾಳ ಉರುಳಿಸಿ, ಕೂಡಿ ಬಂದಷ್ಟು ಅಂಕವನ್ನು ಒಂದೊಂದಕ್ಕೆ ಬರೆದುಕೊಳ್ಳಬೇಕು. ಕಡೆಯ ಗುಣದ ಇಂಗ್ಲಿಷ್ ಪದಕ್ಕೆ ಕೂಡ್ಲಿಗಿಯವನು ನಿಘಂಟು ತೆಗೆದು “ವರ್ಚಸ್ಸು” ಎಂದ.

“ಅಂದ್ರ ಚಂದ ಇರಾದೇನು?” ಎಂದು ಬೊಮ್ಮನಹಳ್ಳಿ ಕೇಳಿದ.

“ಚಂದ ಬ್ಯಾರೆ. ಇದು ನಾವು ಹೇಳಿದಂಗ ಮಂದಿ ಕುಣಿಯಾದು.”

“ಹಂಗಾರ ಮೀಸಿ ಅನ್ನು.”

ನಾನು ದಾಳ ಉರುಳಿಸಿದೆ. ಆರು, ಆರು, ಮತ್ತೆ ಆರು. ಹದಿನೆಂಟು. ಅದಕ್ಕಿಂತ ಮೇಲೆ ಆ ಆಟದಲ್ಲಿ ಅಂಕವಿಲ್ಲ. ನಾನು ಅದನ್ನು ಅದೃಷ್ಟವೆಂದುಕೊಳ್ಳಲಿಲ್ಲ. ತಡವಾಗಿ ಬಂದ ನ್ಯಾಯ ಎಂದುಕೊಂಡೆ. ಕಾಲೇಜಿನಲ್ಲಿ ಭಾಷಣದ ಕಪ್ಪುಗಳನ್ನು ಗೆದ್ದವನು ನಾನು. ಧ್ವನಿವರ್ಧಕ ಕೈಕೊಟ್ಟಾಗ ಕಡೆಯ ಸಾಲಿನವರಿಗೂ ಕೇಳಿಸಿದವನು.

ಹಡಗಲಿಯವನಿಗೆ ಒಂದು, ಒಂದು, ಎರಡು ಬಿತ್ತು. ಅಗಲ ಕಿವಿಯ, ಇಸ್ತ್ರಿ ಕಾಣದ ಅಂಗಿಯ, ತರಗತಿಯಲ್ಲೂ ಬೇಕಾದಷ್ಟೇ ಮಾತಾಡುವ ಮನುಷ್ಯ. ದಾಳ ಅವನನ್ನು ಸರಿಯಾಗಿಯೇ ಗುರುತಿಸಿತು ಎನ್ನಿಸಿತು. “ನಾಲ್ಕಾ? ನನ್ನ ಮಾರಿ ನೋಡಿದ್ರ ಹಾಲು ಒಡೀತಾವ ಅಂತ ಬರ್ಕೊರಿ,” ಎಂದು ಅವನೇ ನಕ್ಕ, ಎಲ್ಲರೂ ನಕ್ಕರು. ನನ್ನ ಹದಿನೆಂಟಕ್ಕೆ ಯಾರೂ ನಕ್ಕಿರಲಿಲ್ಲ, ಚಪ್ಪಾಳೆಯನ್ನೂ ತಟ್ಟಿರಲಿಲ್ಲ.

ಕಥೆ ಮುಗಿಯುವ ದಿನ ಗೆದ್ದ ಕೋಟೆಗೆ ನಮ್ಮಲ್ಲೇ ಒಬ್ಬನನ್ನು ದೊರೆ ಮಾಡಬೇಕು, ಅವನನ್ನು ಎಲ್ಲರೂ ಕೂಡಿ ಆರಿಸಬೇಕು ಎಂದು ಹರಪನಹಳ್ಳಿ ಮೊದಲೇ ಸಾರಿದ. ಇಲ್ಲದ ಕೋಟೆ, ಇಲ್ಲದ ಗದ್ದುಗೆ. ಸರ್ಕಾರಿ ನೌಕರಿ ಕೂಡ ನನಗೆ ಅಷ್ಟು ಬೇಕೆನ್ನಿಸಿರಲಿಲ್ಲ. ಆ ವಾರವೇ ಮನಸ್ಸಿನಲ್ಲಿ ಆ ಗದ್ದುಗೆಯ ಮೇಲೆ ಹೋಗಿ ಕೂತೆ.

ಟ್ಯುಟೋರಿಯಲ್‌ನ ಖಾಲಿ ತರಗತಿಯಲ್ಲಿ ಬೆಂಚು ಎಳೆದುಕೊಂಡು ಕೂತೆವು; ಮೊದಲ ಆಟದ ಕಥೆ ಒಂದು ಖಾನಾವಳಿಯಲ್ಲಿ ಶುರುವಾಯಿತು. ನಾವು ನಾಲ್ವರು ಪ್ರಯಾಣಿಕರು ಒಳಗೆ ಹೋಗುತ್ತೇವೆ, ಯಜಮಾನನಾಗಿ ಹರಪನಹಳ್ಳಿ, “ಯಾರ್ರೀ ತಾವು?” ಎಂದು ಕೇಳಿದ. ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ನಮ್ಮ ಕಡೆ ಹುಟ್ಟಿದವನಲ್ಲದೆ ಬೇರೆ ಯಾರೂ ಅದನ್ನು ಮಾಡಲಾರರು. ದೊಡ್ಡಾಟದಲ್ಲಿ ರಾಜನ ವೇಷದವನು ತಾನಾಗಿ ಬಂದು ತಾನು ಇಂಥವನೆಂದು ಹೇಳುವಂತಿಲ್ಲ. ಸಾರಥಿ ಎಂಬೊಬ್ಬ ನಿಂತಿರುತ್ತಾನೆ. ಅವನು ‘ತಾವು ಯಾರು, ತಮ್ಮ ನಾಮವೇನು’ ಎಂದು ಕೇಳಬೇಕು, ಆಗ ರಾಜ ಹೆಜ್ಜೆ ಹಾಕಿ ತನ್ನ ಊರು ಕೇರಿ ಪರಾಕ್ರಮಗಳನ್ನೆಲ್ಲ ಬಿಚ್ಚಬೇಕು. ನನ್ನ ಸೋದರಮಾವ ಹಾಗೆ ಬಿಚ್ಚುತ್ತಿದ್ದಾಗ ನಾನು ಅವರ ಗದೆ ಹಿಡಿದು ಬೆಳೆದವನು. ಯಾರಾದರೂ ‘ಯಾರ್ರೀ’ ಎಂದರೆ ಸಾಕು, ನನ್ನ ಕಾಲು ತಾನಾಗಿ ಹೆಜ್ಜೆಗೆ ಏಳುತ್ತಿತ್ತು.

ಬೆಂಚಿನ ಮೇಲೆ ಹತ್ತಿ ನಿಂತೆ. “ಎಲೈ ಖಾನಾವಳಿಯ ಒಡೆಯನೇ, ಏಳು ಕೋಟೆಗಳ ಹೆಬ್ಬಾಗಿಲನ್ನು ಒಂದೊಂದೇ ಒದೆತಕ್ಕೆ ಪುಡಿಗೈದ, ವೈರಿಗಳ ಎದೆಯಲ್ಲಿ ನಗಾರಿ ಬಾರಿಸಿದ...” ಬಹಳ ಹೊತ್ತು ಹೇಳಿದೆ. ಬಜ್ಜಿ ಆರಿತು. ಮುಗಿಸಿ ಚಂಬಿನಲ್ಲಿ ಕೈ ಹಾಕಿ ಚೀಟಿ ತೆಗೆದೆ. ನನ್ನ ಅಂಕದೊಳಗಿನ ಚೀಟಿ ಬಂದರೆ ಗೆಲುವು. ಹದಿನೆಂಟು ಅಂಕದವನಿಗೆ ಸೋಲುವುದೇ ಕಷ್ಟ.

“ಖಾನಾವಳಿ ಯಜಮಾನ ಮೆಚ್ಚಿದ,” ಎಂದ ಹರಪನಹಳ್ಳಿ. ಆಮೇಲೆ ಯಜಮಾನನ ಧ್ವನಿಯಲ್ಲಿ, “ಆದ್ರೆ ಊಟ ಮುಗಿದೈತೆ ಸ್ವಾಮಿ.”

ಅಷ್ಟೇ. ನನ್ನ ಗೆಲುವು ಅಲ್ಲಿಗೆ ಮುಗಿಯಿತು. ಆಗ ಹಡಗಲಿಯವನು, ಅಂದರೆ ಹಾಲು ಒಡೆಯುವ ಮುಖದ ಅವನ ಕುಬ್ಜ, ಕೂತಲ್ಲಿಂದಲೇ ಕೇಳಿದ: “ಯಾಕ್ರೀ ಯಜಮಾನ್ರ, ಇವತ್ತು ಇಷ್ಟ್ ಲಗೂನ ಮುಗೀತಲ್ಲ ಊಟ?”

“ಹಿಟ್ಟೇ ಇಲ್ಲಪ್ಪ.”

“ಹೂಂ.”

“ಗುಡ್ಡದೋರು ಬಂದು ಹೊತ್ಕಂಡು ಹೋದ್ರು.”

“ಹೂಂ... ಆಮ್ಯಾಕ?”

ಅಷ್ಟೇ ಸಾಕಾಯಿತು. ಹರಪನಹಳ್ಳಿಯವನ ಕಣ್ಣು ಬೆಳಗಿತು. ಯಜಮಾನನಿಗೆ ಹೆಂಡತಿ ಹುಟ್ಟಿದಳು, ಹೆಂಡತಿಗೊಬ್ಬ ಜಗಳಗಂಟ ತಮ್ಮ ಹುಟ್ಟಿದ, ಗುಡ್ಡದ ರಾಕ್ಷಸರಿಗೆ ರೊಟ್ಟಿಯ ಚಪಲ ಹತ್ತಿದ್ದು ಹೇಗೆಂದು ತಿಳಿಯಿತು. ಜೆರಾಕ್ಸ್ ಕಟ್ಟಿನಲ್ಲಿ ಇದಾವುದೂ ಇರಲಿಲ್ಲ. ಕಡೆಗೆ ಹಡಗಲಿ ಚೀಟಿ ತೆಗೆದಾಗ ಹದಿನೈದು ಬಂತು. ಸೋತ. ಯಜಮಾನ ಅವನ ಮುಖ ನೋಡಿ ಬಾಗಿಲು ಹಾಕಿಕೊಂಡ. ಆದರೆ ಆ ಸೋಲಿಗೆ ಬೊಮ್ಮನಹಳ್ಳಿ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಅವನ ಸೋಲು ನನ್ನ ಗೆಲುವಿಗಿಂತ ಉದ್ದವಾಗಿತ್ತು. ಇದು ಒಂದು ಭಾನುವಾರದ ಮಾತಲ್ಲ. ಭಾನುವಾರದ ಮೇಲೆ ಭಾನುವಾರ ಹೀಗೇ ಆಯಿತು.

ಚೀಟಿ ನನ್ನ ಕಡೆ, ಜನ ಅವನ ಕಡೆ. ಕಾವಲುಗಾರ ನನ್ನನ್ನು ಒಂದೇ ವಾಕ್ಯದಲ್ಲಿ ಒಳಗೆ ಬಿಡುತ್ತಿದ್ದ. ಹಡಗಲಿಯವನನ್ನು ಹೊರಗೇ ನಿಲ್ಲಿಸಿ ತನ್ನ ಮಗನಿಗೆ ಹೆಣ್ಣು ಸಿಗದ ಸಂಕಟವನ್ನೆಲ್ಲ ತೋಡಿಕೊಳ್ಳುತ್ತಿದ್ದ. ಶುರುವಿನಲ್ಲಿ ಬೆಂಚುಗಳು ನನಗೆ ಎದುರಾಗಿದ್ದವು. ದಿನ ಕಳೆದಂತೆ ಅವು ಒಂದಿಷ್ಟಿಷ್ಟೇ ಹೊರಳಿ, ಶಿವರಾತ್ರಿಯ ಹೊತ್ತಿಗೆ ನಾನು ಮೂವರ ಹೆಗಲುಗಳಿಗೆ ಭಾಷಣ ಮಾಡುತ್ತಿದ್ದೆ. ಕೂಡ್ಲಿಗಿಯವನು ತನ್ನ ಮಂತ್ರವಾದಿ ಮಾಡಬೇಕೆಂದಿದ್ದ ಉಪಾಯವನ್ನು ಮೊದಲು ಹಡಗಲಿಗೆ ಹೇಳಿ, ಅವನು “ಹೂಂ, ಆಮ್ಯಾಕ?” ಎಂದ ಮೇಲೆಯೇ ಎಲ್ಲರಿಗೂ ಹೇಳತೊಡಗಿದ. ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಹೂಂಕಾರ ಬೇಕಾಯಿತು!

ಇದು ಆಟದೊಳಗೇ ಉಳಿದಿದ್ದರೆ ಸಹಿಸಬಹುದಿತ್ತು. ಹಡಗಲಿಯವನು ಊರಿಗೆ ಹೋಗಿ ಬರುವಾಗ ನಮ್ಮ ಮನೆಗೆಂದು ಮಲ್ಲಿಗೆ ಮಾಲೆ ತರುತ್ತಿದ್ದ. ಕೊಟ್ಟು ಹೊರಡುವವನಲ್ಲ, ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ. ನನ್ನ ತಾಯಿಗೆ ಮೊಣಕಾಲು ನೋವಿರುವುದು ನನಗೆ ಗೊತ್ತಾದದ್ದು ಅವನ ಬಾಯಿಂದ.

“ಎಷ್ಟ್ ದಿನದಿಂದ ನೋವು?” ಎಂದು ತಾಯಿಯನ್ನು ಕೇಳಿದೆ.

“ಹೋದ ದೀಪಾವಳಿಯಿಂದ.”

“ನನಗ ಯಾಕ ಹೇಳಿಲ್ಲ?”

“ನೀ ಏನರ ಹೇಳಾಕತ್ತಿದ್ದಿ ಆವಾಗ,” ಎಂದಳು ತಾಯಿ.

ಆಗ ನನಗೊಂದು ವಿಷಯ ಹೊಳೆಯಿತು. ನಮ್ಮ ಕಡೆ ಕಥೆ ಹೇಳುವವರಿಗೆ ಹೂಂಗುಡುವವರೊಬ್ಬರು ಬೇಕು. ನನ್ನ ಅಜ್ಜಿ, ಯಾರೂ ಹೂಂ ಅನ್ನದಿದ್ದರೆ ರಾಜಕುಮಾರನನ್ನು ನಡು ಬಾವಿಯಲ್ಲೇ ಬಿಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಆ ಕೆಲಸ ಮನೆಯಲ್ಲಿ ನನ್ನ ತಂಗಿಯದಾಗಿತ್ತು. ನಾನು ಹೂಂ ಅಂದವನಲ್ಲ. ಅಜ್ಜಿ ಸುಮ್ಮನಾದ ಕೂಡಲೇ ನನ್ನ ಕಥೆ ಶುರು ಮಾಡಿ ತಂಗಿಯಿಂದ ಹೂಂ ಅನ್ನಿಸಿಕೊಂಡವನು. ಹಡಗಲಿಯವನ ಬಂಡವಾಳ ಇಷ್ಟೇನೇ? ಒಂದು ಅಕ್ಷರ? ಅದನ್ನು ನಾನು ಒಂದು ವಾರದಲ್ಲಿ ಕಲಿಯಬಲ್ಲೆ. ಛಂದಸ್ಸನ್ನೇ ಕಲಿತವನು.

ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಮಂದ್ರದಲ್ಲಿ ಒಂದು ಹೂಂ, ಮಧ್ಯಮದಲ್ಲಿ ಒಂದು, ಹುಬ್ಬೆತ್ತಿ ಒಂದು. ತಾಯಿ ಒಳಗಿನಿಂದ, “ಹೊಟ್ಟಿ ನೋಯಾಕತ್ತೈತೇನೋ? ಓಂಕಾಳು ಕೊಡ್ಲೇನು?” ಎಂದು ಕೇಳಿದಳು. ಮುಂದಿನ ಭಾನುವಾರ ಕೂಡ್ಲಿಗಿಯವನು ಬಾಯಿ ತೆರೆದ ತಕ್ಷಣ ನಾನು ಗಂಭೀರವಾಗಿ “ಹೂಂ” ಎಂದೆ.

“ನಾ ಇನ್ನ ಶುರುವೇ ಮಾಡಿಲ್ಲಲೇ.”

“ಹೂಂ. ಆಮ್ಯಾಕ?”

“ಆಮ್ಯಾಕ ಏನು, ಆಮ್ಯಾಕ? ಬಜ್ಜಿ ಈ ಕಡೆ ಸರಿಸು ಅನ್ನಾಕ ಹೊಂಟಿದ್ದೆ.”

ನನ್ನ ಹೂಂಗೆ ಯಾರ ಮಾತೂ ಬಿಚ್ಚಿಕೊಳ್ಳಲಿಲ್ಲ, ಬಜ್ಜಿಯೂ ಉಳಿಯಲಿಲ್ಲ. ಹಡಗಲಿಯವನು ಅದೇ ಅಕ್ಷರವನ್ನು ಎಲ್ಲಿಂದ ತೆಗೆಯುತ್ತಿದ್ದನೋ! ಅವನಿಗೆ ಮುಂದೇನಾಯಿತೆಂದು ನಿಜವಾಗಿ ತಿಳಿಯಬೇಕಾಗಿರುತ್ತಿತ್ತು. ನನಗೆ ಮುಂದೇನೆಂದರೆ ನನ್ನ ಸರದಿ ಯಾವಾಗ ಎಂಬುದಷ್ಟೇ. ಇದು ತಿಳಿದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಗುತ್ತದೆಂದು ತಿಳಿದವರು ಹೇಳುತ್ತಾರೆ. ನನ್ನದು ಹೆಚ್ಚಾಯಿತು. ಕದಿಯಬಹುದಾದ ವಿದ್ಯೆಯಿದ್ದವನ ಮೇಲಾದರೆ ಅಸೂಯೆಗೊಂದು ಭರವಸೆ ಇರುತ್ತದೆ.

ಪರೀಕ್ಷೆಗಳು ಹತ್ತಿರವಾದವು. ಕಡೆಯ ಭಾನುವಾರ ನಾವು ಕೋಗಳಿಯ ಸುರಂಗದಲ್ಲಿ ರೆಕ್ಕೆಯ ಸರ್ಪದ ಎದುರು ನಿಂತೆವು. ಸರ್ಪಕ್ಕೆ ಕತ್ತಿ ನಾಟುವುದಿಲ್ಲ, ಮಂತ್ರ ತಾಗುವುದಿಲ್ಲ. ಮಾತಿನಿಂದ ಒಲಿಸಿದರೆ ಮಾತ್ರ ದಾರಿ ಬಿಡುತ್ತದೆ, ಅದರಾಚೆ ಕೋಟೆ. ಒಬ್ಬನೇ ಮಾತಾಡಬೇಕು.

ಬೊಮ್ಮನಹಳ್ಳಿ ತಕ್ಷಣ, “ಹಡಗಲಿ ಅದಾನಲ್ಲ,” ಎಂದ.

“ಅವಂದು ನಾಲ್ಕು. ನನ್ನದು ಹದಿನೆಂಟು,” ಎಂದೆ. “ನಿಯಮ ನಿಯಮನ.”

“ಮೇಷ್ಟ್ರು ಹೇಳಾದು ಖರೇ ಐತಿ,” ಎಂದ ಹಡಗಲಿಯವನೇ. “ಅವರ ಮಾತಾಡ್ಲಿ. ನಾ ದೀವಟಿಗಿ ಹಿಡಕೊಂಡು ನಿಂದರ್ತೀನಿ.”

ಅವನು ಬಿಟ್ಟುಕೊಟ್ಟದ್ದು ನನಗೆ ಹಿಡಿಸಲಿಲ್ಲ, ನಾನು ಕಿತ್ತುಕೊಳ್ಳಬೇಕೆಂದಿದ್ದೆ. ಆದರೂ ಬೆಂಚು ಹತ್ತಿದೆ. ವಾರವಿಡೀ ಕಟ್ಟಿದ ಭಾಷಣ. “ಎಲೈ ಉರಗಕುಲತಿಲಕನೇ, ಏಳು ಕೋಟೆಗಳ ಹೆಬ್ಬಾಗಿಲನ್ನು...” ಹರಪನಹಳ್ಳಿ, ಅಂದರೆ ಸರ್ಪ, ಮಾಡಿನ ಜಂತಿಗಳನ್ನು ನೋಡುತ್ತಿತ್ತು. ಬೊಮ್ಮನಹಳ್ಳಿ ಮಂಡಕ್ಕಿಯಿಂದ ಶೇಂಗಾ ಆರಿಸುತ್ತಿದ್ದ.

“ಹೂಂ,” ಎಂದ ಹಡಗಲಿ, ದೀವಟಿಗೆಯ ಕಡೆಯಿಂದ.

ನಾನು ಮುಂದುವರಿಸಿದೆ. ಸರ್ಪ ಆಕಳಿಸಿತು.

“ಅಲ್ರೀ ದೊರಿ,” ಎಂದು ಕುಬ್ಜ ಕೇಳಿದ, “ಏಳು ಕ್ವಾಟಿ ಒಡದ್ರಿ ಅಂತ ಮೊದ್ಲಿಂದ ಕೇಳಾಕತ್ತೀನಿ. ಅದರಾಗ ಯಾವ್ದು ಭಾಳ ಕಷ್ಟ ಆತು?”

ಏಳು ಕೋಟೆಗಳನ್ನು ಅಷ್ಟು ಭಾನುವಾರ ಒಡೆದಿದ್ದೆನೇ ಹೊರತು ಒಂದರ ಬಳಿಯೂ ಹೋಗಿರಲಿಲ್ಲ. ಯಾರೂ ಕೇಳಿರಲಿಲ್ಲ. ಬೆಂಚಿನ ಮೇಲೆ ನಿಂತು ಯೋಚಿಸಿದೆ.

“ನಾಲ್ಕನೇದು,” ಎಂದೆ.

“ಹೂಂ. ಯಾಕ?”

“ಅದಕ್ಕ... ಅಗಳಿ ಹಾಕಿದ್ದಿಲ್ಲ. ನಾ ಜೋರು ಒದ್ದೆ. ಬಾಗಲ ಸುಮ್ನ ತೆಗದಿತ್ತು.”

“ಆಮ್ಯಾಕ?”

“ಒಳಗ ಬಿದ್ದೆ. ಕಾಲು ಉಳುಕಿತು. ಒಳಗ ವೈರಿಗೋಳು ಯಾರೂ ಇದ್ದಿಲ್ಲ, ಒಬ್ಬಾಕಿ ಮುದುಕಿ ಇದ್ಲು. ಆಕಿ ಅರಿಷಿಣ ಅರದು ಹಚ್ಚಿದ್ಲು. ಕಾಲಿಗೆ ಪಟ್ಟಿ ಕಟ್ಟೋವಾಗ ಕೇಳಿದ್ಲು, ಯಾರಪ್ಪ ನೀನು ಅಂತ.”

“ಏನಂದ್ರಿ?”

“ಹೆಸರು ಹೇಳಾಕ ನಾಚಿಗಿ ಬಂತು. ದಾರಿ ತಪ್ಪೇತಿ ಅಂದೆ.”

ಬೊಮ್ಮನಹಳ್ಳಿ ಶೇಂಗಾ ಬಿಟ್ಟ. ಬೆಂಚುಗಳು ಕಿರ್ರೆಂದು ನನ್ನ ಕಡೆ ಹೊರಳಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ನಾನು ಯಾವಾಗ ಬೆಂಚಿನಿಂದಿಳಿದು ಕೂತೆನೋ ಗೊತ್ತಿಲ್ಲ. ಐದನೆಯ ಕೋಟೆಗೆ ಕುಂಟುತ್ತ ಹೋದದ್ದು, ಆರನೆಯದರಲ್ಲಿ ಬಾಗಿಲು ತಟ್ಟಿ ಕೇಳಿದ್ದು, ಏಳನೆಯದನ್ನು ಒಡೆದೇ ಇಲ್ಲವೆಂಬ ಗುಟ್ಟು, ಎಲ್ಲ ಬಂತು. ಒಂದು ಹಂತದಲ್ಲಿ “ಆಮೇಲೆ?” ಎಂದು ಕೇಳಿದ್ದು ಕುಬ್ಜನಲ್ಲ, ಸರ್ಪ.

ಕೊನೆಗೆ ಚಂಬಿನಲ್ಲಿ ಕೈ ಹಾಕಿದೆ. ಹತ್ತೊಂಬತ್ತು ಬಂತು. ನನ್ನ ಹದಿನೆಂಟು ಅಂಕ ಮೊದಲ ಸಲ ಕೈಕೊಟ್ಟಿತು. ಹರಪನಹಳ್ಳಿ ಚೀಟಿಯನ್ನು ನೋಡಿದ, ಮಡಿಚಿ ಚಂಬಿಗೆ ಹಾಕಿದ. “ಸರ್ಪಕ್ಕೆ ಓದಕ್ಕೆ ಬರಲ್ಲ,” ಎಂದ. “ದಾರಿ ಬಿಡ್ತು.”

ಎಲ್ಲರೂ ನನ್ನ ಬೆನ್ನು ತಟ್ಟಿದರು. ಕೂಡ್ಲಿಗಿಯವನು, “ಇಷ್ಟ್ ದಿನ ಎಲ್ಲಿಟ್ಟಿದ್ದಿಲೇ ಇದನ್ನ?” ಎಂದ. ಹಡಗಲಿಯವನು, “ಮುದುಕಿ ಆಮ್ಯಾಕ ಏನಾದ್ಲು?” ಎಂದ. ಆ ಪ್ರಶ್ನೆಯನ್ನು ನಾನು ಕ್ಷಮಿಸಲಿಲ್ಲ. ನನ್ನ ಜೀವಮಾನದ ಅತ್ಯುತ್ತಮ ಮಾತು ಅವನ ಹೂಂನ ಮೇಲೆ ನಿಂತಿತ್ತು, ಮತ್ತು ಅದು ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ರಾಜ ಕುಣಿದದ್ದನ್ನು ಜನ ನೋಡುತ್ತಾರೆ. ಸಾರಥಿಯ ಮೇಲೆ ಯಾರ ಕಣ್ಣು ಹೋಗುತ್ತದೆ? ಆ ಒಂದು ಲೆಕ್ಕದಲ್ಲಿ ಗದ್ದುಗೆ ನನ್ನದೆಂದು ನಿಶ್ಚಿಂತನಾಗಿದ್ದೆ.

ಚಹಾ ಬಂತು. ಕುಡಿದು ಮುಗಿಸಿದ ಮೇಲೆ ಹರಪನಹಳ್ಳಿ, ಕೋಟೆಯ ದೊರೆ ಯಾರಾಗಬೇಕು, ಕೈ ಎತ್ತಿ ಎಂದ. ಇದ್ದದ್ದು ಎರಡೇ ಹೆಸರು, ಹಡಗಲಿಯದು ಮತ್ತು ನನ್ನದು. ಮೊದಲು ಹಡಗಲಿಯ ಹೆಸರು ಹೇಳಿದ; ಆಟ ನಡೆಸುವವನಿಗೂ ಒಂದು ಮತ ಉಂಟೆಂದು ತನ್ನ ಕೈಯನ್ನೂ ಎತ್ತಿದ. ಆಮೇಲೆ ನನ್ನ ಹೆಸರು ಹೇಳಿದ.

ಹಡಗಲಿಗೆ ಮೂರು ಕೈ ಎದ್ದವು. ನನಗೆ ಎರಡು: ಒಂದು ನನ್ನದು, ಇನ್ನೊಂದು ಹಡಗಲಿಯದು.